ನಲವತ್ತು ಮನೆಯ ತೋಟ

ಪುಟ್ಟಿಯ ರಕ್ತದಲ್ಲಿ ಸೀಸ ಸಿಕ್ಕಿದೆ ಎಂಬ ಮಾತು ತೋಟದಕ್ಕನ ಕಿವಿಗೆ ಬಿದ್ದದ್ದು ಒಂದು ಶನಿವಾರ ಬೆಳಿಗ್ಗೆ, ಅವಳು ಬೀಟ್‌ರೂಟಿನ ಕಟ್ಟುಗಳನ್ನು ಚೀಲಗಳಿಗೆ ಹಂಚುತ್ತಿದ್ದಾಗ. ಹೇಳಿದವಳು ಪುಟ್ಟಿಯ ತಾಯಿಯೇ. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವವಳಾದ್ದರಿಂದ ಅವಳನ್ನು ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿತ್ತು. ಮೂರು ವರ್ಷದ ಪುಟ್ಟಿ ಅಮ್ಮನ ಸೆರಗು ಹಿಡಿದುಕೊಂಡು ನಿಂತಿತ್ತು.

"ಹೊಟ್ಟೆನೋವು, ಹೊಟ್ಟೆನೋವು ಅಂತ ಎರಡು ತಿಂಗಳಿಂದ ಅಳ್ತಿದ್ಲಲ್ಲ ಅಕ್ಕ, ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದ್ರು. ಸೀಸ ಅಂತೆ. ಮನೇಲೇ ಎಲ್ಲೋ ಇದೆ, ಹುಡುಕಿ ಅಂದ್ರು ಡಾಕ್ಟ್ರು. ಕಿಟಕಿಗೆ ಹಳೇ ಬಣ್ಣ ಇತ್ತು, ಕಿಟಕಿನೇ ಕೀಳಿಸಿದೆ. ಆಟದ ಸಾಮಾನೆಲ್ಲ ಕಸಕ್ಕೆ ಹಾಕಿದೆ. ನಲ್ಲಿ ನೀರು ಬಿಟ್ಟು ಹೊರಗಿಂದ ನೀರು ತರಿಸ್ತಿದೀನಿ. ಊಟದ್ದೊಂದೇ ನಂಗೆ ಧೈರ್ಯ. ತರಕಾರಿ ಎಲ್ಲಿಂದ ತರ್ತೀರಿ ಅಂತ ಕೇಳಿದ್ರು. ನಮ್ಮ ತೋಟದ್ದೇ ಸಾರ್ ಅಂದೆ."

ತೋಟದಕ್ಕನ ಕೈ ಅಲ್ಲೇ ನಿಂತಿತು. "ಅಯ್ಯೋ ಪಾಪ," ಎಂದಳು. ಟೀಚರ್ ತನ್ನ ಚೀಲ ಎತ್ತಿಕೊಂಡು, ಪುಟ್ಟಿಯ ಕೈಗೆ ಒಂದು ಕ್ಯಾರೆಟ್ ಕೊಟ್ಟು ಹೊರಟಳು.

'ನಮ್ಮ ತೋಟ' ಎಂದು ಟೀಚರ್ ಹೇಳಿದ್ದು ಬಾಯಿಮಾತಿಗಲ್ಲ. ನಲವತ್ತು ಮನೆಯವರೂ ಹಾಗೇ ಹೇಳುತ್ತಿದ್ದರು. ಬಿತ್ತನೆಗೆ ಮುಂಚೆಯೇ ಆ ವರ್ಷದ ಪಾಲಿನ ಹಣವನ್ನು ಅವರು ಕೊಟ್ಟುಬಿಡುತ್ತಿದ್ದರು. ಆಮೇಲೆ ತೋಟದಕ್ಕ ತೋಟದಲ್ಲಿ ಏನು ಬೆಳೆಯುತ್ತಾಳೋ ಅದರಲ್ಲಿ ವಾರವಾರ ಒಂದೊಂದು ಚೀಲ ಅವರದ್ದು. ಚೆನ್ನಾಗಿ ಬಂದರೆ ಚೀಲ ತುಂಬ, ಹಾಳಾದರೆ ಅರ್ಧ ಚೀಲ. ಲಾಭದಲ್ಲೂ ನಷ್ಟದಲ್ಲೂ ಜೊತೆಗಿರುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದ್ದರು. ಮೂರನೇ ವರ್ಷ ಆಲಿಕಲ್ಲು ಬಿದ್ದು ಟೊಮೆಟೊ ಗಿಡವೆಲ್ಲ ನೆಲಕಚ್ಚಿದಾಗ ಒಬ್ಬರೂ ತುಟಿ ಪಿಟಕ್ ಎನ್ನಲಿಲ್ಲ. ಆರು ವಾರ ಬರೀ ಕುಂಬಳಕಾಯಿ ತಿಂದರು. "ನನ್ನ ಮುಖನೂ ಕುಂಬಳಕಾಯಿ ಥರ ಆಗೋಯ್ತು, ಹೆಂಡತಿ ಗುರುತು ಹಿಡೀತಿಲ್ಲ," ಎಂದು ಪೋಸ್ಟಣ್ಣ ನಗಿಸಿದ್ದರು.

ಪೋಸ್ಟಣ್ಣ ನಿವೃತ್ತ ಅಂಚೆಯವರು. ಯಾವ ಬೀದಿಯ ಯಾವ ಮನೆಯ ನಾಯಿ ಕಚ್ಚುತ್ತದೆ ಎಂಬುದು ಈಗಲೂ ಅವರಿಗೆ ಬಾಯಿಪಾಠ. ಚೀಲ ಹಂಚುವುದು ಅವರ ಮನೆಯ ಮುಂದಿನ ಕಾರ್ ಶೆಡ್ಡಿನಲ್ಲಿ. ಶೆಡ್ಡು ಕಟ್ಟಿಸಿದ ಮೇಲೆ ಕಾರು ಕೊಳ್ಳುವ ಉತ್ಸಾಹ ಇಳಿದುಹೋಗಿತ್ತಂತೆ. ಈ ನಲವತ್ತು ಮನೆಗಳನ್ನು ಬೀದಿ ಬೀದಿ ಅಲೆದು ಒಟ್ಟುಗೂಡಿಸಿದವರೂ ಅವರೇ.

ಆ ಶನಿವಾರ ಖಾಲಿ ಕ್ರೇಟುಗಳನ್ನು ವ್ಯಾನಿಗೆ ತುಂಬಿಕೊಂಡು ತೋಟದಕ್ಕ ಗಂಡನ ಜೊತೆ ತೋಟಕ್ಕೆ ವಾಪಸು ಬಂದಳು. ವ್ಯಾನು ನಿಂತದ್ದೇ ತಡ, ಸೀದಾ ಉತ್ತರದ ಮೂಲೆಗೆ ಹೋಗಿ ನಿಂತಳು. ತೋಟದಲ್ಲೆಲ್ಲ ಒಳ್ಳೆ ಕ್ಯಾರೆಟ್ ಬರುತ್ತಿದ್ದುದು ಅಲ್ಲೇ. ಮಣ್ಣು ಸಡಿಲ, ಗೆಡ್ಡೆ ನೆಟ್ಟಗೆ ಇಳಿಯುತ್ತಿತ್ತು. ಕ್ಯಾರೆಟ್ ಸಾಲುಗಳ ಹಸಿರು ಗಾಳಿಗೆ ಸುಮ್ಮನೆ ಅಲ್ಲಾಡುತ್ತಿತ್ತು.

ಎಂಟು ವರ್ಷದ ಹಿಂದೆ ಈ ಜಾಗ ಅಗ್ಗಕ್ಕೆ ಸಿಕ್ಕಿತ್ತು. ಯಾಕೆ ಅಗ್ಗ ಎಂದು ಅವಳು ಕೇಳಿರಲಿಲ್ಲ. ಮೊದಲ ಸಲ ಅಗೆದಾಗ ಉತ್ತರದ ಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಚೂರುಗಳು, ಬೂದು ಬಣ್ಣದ ಭಾರವಾದ ತಗಡಿನಂಥ ತುಂಡುಗಳು ಗುದ್ದಲಿಗೆ ಸಿಕ್ಕಿದ್ದವು. ಗಂಡ ಬಸ್ ಡಿಪೋದಲ್ಲಿ ಇಪ್ಪತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು. ಕೈಗೆ ತೆಗೆದುಕೊಂಡು ನೋಡಿ, "ಬ್ಯಾಟರಿ ಪ್ಲೇಟು. ಇಲ್ಲಿ ಯಾರೋ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸ್ತಿದ್ರು ಅನ್ಸುತ್ತೆ. ಆರಿಸಿ ಆಚೆ ಹಾಕು," ಎಂದಿದ್ದ. ಎರಡು ತಳ್ಳುಗಾಡಿ ತುಂಬ ಆರಿಸಿ ಬೇಲಿಯಾಚೆಯ ಹಳ್ಳಕ್ಕೆ ಸುರಿದಿದ್ದಳು. ನಲವತ್ತು ಮನೆಯವರು ಆಗಲೇ ಪಾಲು ಕೊಟ್ಟಾಗಿತ್ತು. ಬಿತ್ತನೆಯ ಹದ ದಾಟುತ್ತಿತ್ತು. ಅದರ ಮೇಲೆ ಗೊಬ್ಬರ ಹರವಿ ಕ್ಯಾರೆಟ್ ಬೀಜ ಹಾಕಿದಳು. ಕಾಲ ಕಳೆದಂತೆ ಅದು ಅವಳ ತಲೆಯಿಂದಲೇ ಹೊರಟುಹೋಯಿತು. ಹೊರಟುಹೋಯಿತು ಎಂದು ಅವಳು ಅಂದುಕೊಂಡಿದ್ದಳು.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ಕೈ ತೊಳೆದುಕೊಂಡು ಬಂದವನು ಮತ್ತೆ ಎದ್ದುಹೋಗಿ ಇನ್ನೊಮ್ಮೆ ತೊಳೆದುಕೊಂಡು ಬಂದ.

"ನಮ್ಮ ತರಕಾರಿಯಿಂದಾನೇ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅದೇ ಕಷ್ಟ ಆಗ್ತಿರೋದು. ನಮ್ಮದೊಂದೇ ಧೈರ್ಯ ಅಂತಾಳೆ."

"ನೋಡು, ಆ ಮೂಲೇಲಿ ಬೇರುಹುಳ ಬಿತ್ತು ಅನ್ನು. ಕಿತ್ತು ಹಾಕೋಣ. ಇನ್ಮೇಲೆ ಅಲ್ಲಿ ಏನೂ ಬೆಳೆಯೋದು ಬೇಡ. ಬಾಯಿ ಬಿಟ್ಟೆ ಅಂದ್ರೆ ನಲವತ್ತು ಮನೆನೂ ಕೈ ಬಿಡ್ತವೆ. ಈ ವಯಸ್ಸಲ್ಲಿ ಎಲ್ಲಿಗೆ ಹೋಗೋಣ?"

"ಆ ಮಗು?"

ಅವನು ತಟ್ಟೆಯಲ್ಲಿದ್ದ ಬೀಟ್‌ರೂಟ್ ಪಲ್ಯವನ್ನು ಒಂದು ಬದಿಗೆ ಸರಿಸಿದ. ಆದರೆ ಸೋಮವಾರ ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಅವನೇ ತೋಟದ ಆರು ಕಡೆಯಿಂದ ಮಣ್ಣು ತೆಗೆದು, ಪೊಟ್ಟಣ ಕಟ್ಟಿ, ಯಾವುದು ಎಲ್ಲಿಯದೆಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ. ಬಾವಿಯ ನೀರನ್ನೂ ಒಂದು ಬಾಟಲಿಗೆ ತುಂಬಿಸಿದ್ದ. ಇಬ್ಬರೂ ಹೋಗಿ ಪ್ರಯೋಗಾಲಯಕ್ಕೆ ಕೊಟ್ಟುಬಂದರು. ಫಲಿತಾಂಶಕ್ಕೆ ಒಂಬತ್ತು ದಿನ ಎಂದರು ಅಲ್ಲಿಯವರು.

ಆ ಒಂಬತ್ತು ದಿನದ ನಡುವೆ ಒಂದು ಶನಿವಾರ ಬಂತು. ಏನಾದರೂ ನೆಪ ಹೇಳಿ ಹಂಚುವುದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಇನ್ನೂ ಏನೂ ಗೊತ್ತಾಗಿಲ್ಲವಲ್ಲ, ಸುಮ್ಮನೆ ಯಾಕೆ ಗುಲ್ಲೆಬ್ಬಿಸುವುದು ಎಂದು ತನಗೆ ತಾನೇ ಹೇಳಿಕೊಂಡಳು. ಉತ್ತರದ ಮೂಲೆಯದನ್ನು ಮಾತ್ರ ಕೀಳಲಿಲ್ಲ. ಮಿಕ್ಕ ಕಡೆಯ ಸೊಪ್ಪು, ಕ್ಯಾರೆಟ್, ಬೀಟ್‌ರೂಟ್ ಎಂದಿನಂತೆ ಕ್ರೇಟಿಗೆ ಹೋದವು. ಟೀಚರ್ ಚೀಲಕ್ಕೆ ಅದೂ ಹೋಗಲಿಲ್ಲ. ಅದರಲ್ಲಿ ಬೀನ್ಸು, ಒಂದು ಕುಂಬಳಕಾಯಿ, ಟೊಮೆಟೊ ಅಷ್ಟೇ. ಮೂವತ್ತೊಂಬತ್ತು ಚೀಲ ಒಂದು ಥರ, ನಲವತ್ತನೆಯದು ಒಂದು ಥರ.

ಟೀಚರ್ ಬಂದಾಗ ಶೆಡ್ಡಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಪುಟ್ಟಿ ಎಂದಿನಂತೆ ಬಗ್ಗಿ, ಯಾರದೋ ಚೀಲದಿಂದ ಇಣುಕುತ್ತಿದ್ದ ಕ್ಯಾರೆಟ್ ಎಳೆದುಕೊಂಡು ಬಾಯಿಗೆ ಹಾಕಿಕೊಂಡಿತು. ತೋಟದಕ್ಕ ಕೂತಲ್ಲಿಂದ ಎಗರಿ ಅದನ್ನು ಕಿತ್ತುಕೊಂಡಳು. ಎಷ್ಟು ಜೋರಾಗಿ ಎಂದರೆ ಮಗು ಹಿಂದಕ್ಕೆ ಮುಗ್ಗರಿಸಿ ಕೂತುಬಿಟ್ಟಿತು. ಒಂದು ಕ್ಷಣ ಅದಕ್ಕೆ ಅಳು ಕೂಡ ಬರಲಿಲ್ಲ. ಈ ಮೂರು ವರ್ಷದಲ್ಲಿ ತೋಟದಕ್ಕ ಅದಕ್ಕೆ ಒಮ್ಮೆಯೂ ಇಲ್ಲ ಎಂದವಳಲ್ಲ. ಆಮೇಲೆ ಶೆಡ್ಡೆಲ್ಲ ತುಂಬುವಂತೆ ಅತ್ತಿತು.

"ತೊಳ್ದಿಲ್ಲ, ಇನ್ನೂ ತೊಳ್ದಿಲ್ಲ ಅದು," ಎಂದಳು ತೋಟದಕ್ಕ. ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು.

"ಅಯ್ಯೋ ಬಿಡಿ ಅಕ್ಕ, ಇವಳು ಯಾವತ್ತು ತೊಳ್ದು ತಿಂದಿದ್ಲು," ಎಂದು ಟೀಚರ್ ಮಗುವನ್ನು ಎತ್ತಿಕೊಂಡಳು. ಬಾಯಲ್ಲಿ ನಗು ಇತ್ತು. ಕಣ್ಣು ಮಾತ್ರ ತೋಟದಕ್ಕನ ಕೈಯನ್ನೇ ನೋಡುತ್ತಿತ್ತು. ಆ ಕೈಯಲ್ಲಿ ಮಗು ಕಚ್ಚಿದ್ದ ಕ್ಯಾರೆಟ್ ಇನ್ನೂ ಇತ್ತು.

ಬುಧವಾರ ಫಲಿತಾಂಶ ಬಂತು. ನೀರಿನಲ್ಲಿ ತೊಂದರೆ ಇರಲಿಲ್ಲ. ಉತ್ತರದ ಮೂಲೆಯ ಮಣ್ಣಿನಲ್ಲಿ ಸೀಸ ಇರಬೇಕಾದ್ದಕ್ಕಿಂತ ಹದಿನಾಲ್ಕು ಪಟ್ಟು. ಅಲ್ಲಿಗೇ ಮುಗಿಯಲಿಲ್ಲ. ಎಂಟು ವರ್ಷ ಉತ್ತು, ಹರಗಿ, ಮಣ್ಣು ಎಳೆದಾಡಿ, ಅದು ಅರ್ಧ ತೋಟಕ್ಕೆ ಹರಡಿತ್ತು. ಆರು ಪೊಟ್ಟಣದಲ್ಲಿ ನಾಲ್ಕು ಕೆಟ್ಟಿದ್ದವು. ಗಂಡ ಆ ಹಾಳೆಯನ್ನು ಎರಡು ಸಲ ಓದಿ, ಮಡಚಿ, ಅವಳ ಕೈಗೆ ಕೊಟ್ಟ. "ನಿಂಗೆ ಹೇಗೆ ತೋಚುತ್ತೋ ಹಾಗೆ ಮಾಡು," ಎಂದ. "ಅವತ್ತು ಆಚೆ ಹಾಕು ಅಂದಿದ್ದು ನಾನೇ. ಅದನ್ನೂ ಹೇಳು."

ಸಂಜೆ ಐದಕ್ಕೆ ಅವಳು ಟೀಚರ್ ಮನೆಗೆ ಹೋದಳು. ಹೊಸ ಕಿಟಕಿಗಳಿಂದ ಹಸಿ ಮರದ ವಾಸನೆ ಬರುತ್ತಿತ್ತು. ನೆಲವನ್ನು ದಿನಕ್ಕೆ ಮೂರು ಸಲ ಒರೆಸಿ ಒರೆಸಿ ಟೀಚರ್ ಕೈ ಸುಲಿದಿತ್ತು. ಬೊಂಬೆಗಳಿದ್ದ ಶೆಲ್ಫು ಖಾಲಿ. ಪುಟ್ಟಿ ನೆಲದ ಮೇಲೆ ಒಂದು ಸ್ಟೀಲ್ ಲೋಟ, ಒಂದು ಚಮಚ ಇಟ್ಟುಕೊಂಡು ಆಡುತ್ತಿತ್ತು. ತೋಟದಕ್ಕನನ್ನು ಕಂಡು ಅಮ್ಮನ ಹಿಂದೆ ಅಡಗಿತು.

"ಕೂತ್ಕೊಳ್ಳಿ ಅಕ್ಕ. ಟೀ ಮಾಡ್ತೀನಿ."

"ಬೇಡ ಟೀಚರ್. ನಿಂತ್ಕೊಂಡೇ ಹೇಳ್ತೀನಿ, ಕೂತ್ರೆ ಹೇಳಕ್ಕಾಗಲ್ಲ."

ಹೇಳಿದಳು. ಹಾಳೆ ತೋರಿಸಿದಳು. ಟೀಚರ್ ಅದನ್ನು ಮಕ್ಕಳ ಪರೀಕ್ಷೆ ಪತ್ರಿಕೆ ತಿದ್ದುವವಳ ಹಾಗೆ ಸಾಲು ಸಾಲಾಗಿ ಓದಿದಳು.

"ಹೋದ ಶನಿವಾರ ಕ್ಯಾರೆಟ್ ಕಿತ್ಕೊಂಡಿದ್ದು ಅದ್ಕೇನಾ?"

"ಹೌದು."

"ಹಾಗಾದ್ರೆ ಹೋದ ಶನಿವಾರಾನೇ ಗೊತ್ತಿತ್ತು."

"ಅನುಮಾನ ಇತ್ತು ಟೀಚರ್. ಗೊತ್ತಿರ್ಲಿಲ್ಲ."

"ಅನುಮಾನ ಇಟ್ಕೊಂಡೇ ಮಿಕ್ಕೋರಿಗೆಲ್ಲ ಕೊಟ್ರಿ."

ತೋಟದಕ್ಕ ತಲೆ ತಗ್ಗಿಸಿದಳು.

"ಭಾನುವಾರ ಕಳೆ ಕೀಳಕ್ಕೆ ಬರ್ತಿದ್ವಲ್ಲ," ಟೀಚರ್ ದನಿ ಏರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು, "ಇವಳನ್ನ ಆ ಮೂಲೇಲಿ ಕೂರಿಸ್ತಿದ್ದೆ, ನೆರಳಿದೆ ಅಂತ. ಒಂದಿನ ಮಣ್ಣು ತಿಂತಿದ್ಲು. ನಾನು ಓಡಿಬಂದೆ. ನೀವು ನಕ್ರಿ. ತಿನ್ಲಿ ಬಿಡಿ, ಗಟ್ಟಿಮುಟ್ಟಾಗ್ತಾಳೆ ಅಂದ್ರಿ. ನೆನಪಿದೆಯಾ?"

"ಇದೆ."

"ಅವತ್ತೂ ಆ ಪ್ಲೇಟುಗಳು ನಿಮ್ಮ ತಲೇಲಿ ಇರ್ಲಿಲ್ವಾ?"

ಇರಲಿಲ್ಲ ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ, ನಿಜವೂ ಆಗುತ್ತಿರಲಿಲ್ಲ. "ಬಂದಿತ್ತೇನೋ. ಬಂದಿದ್ರೂ ತಳ್ಳಿಬಿಟ್ಟಿರ್ತೀನಿ," ಎಂದಳು.

ಟೀಚರ್ ಹಾಳೆಯನ್ನು ವಾಪಸು ಕೊಟ್ಟಳು. "ಈಗ ಹೋಗಿ ಅಕ್ಕ," ಎಂದಳು. ಅಷ್ಟಾದರೂ 'ಅಕ್ಕ' ಎಂದದ್ದು ತೋಟದಕ್ಕನಿಗೆ ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಶನಿವಾರ ಅವಳು ಖಾಲಿ ಕೈಯಲ್ಲಿ ಶೆಡ್ಡಿಗೆ ಬಂದಳು. ಮಕ್ಕಳನ್ನು ಬಿಟ್ಟು ದೊಡ್ಡವರೆಲ್ಲ ಬನ್ನಿ ಎಂದು ಪೋಸ್ಟಣ್ಣನ ಕೈಲಿ ಹೇಳಿ ಕಳಿಸಿದ್ದಳು. ಹೊಸ ತಳಿ ಏನೋ ತೋರಿಸುತ್ತಾಳೆ ಎಂದು ಕೆಲವರು ನಗುನಗುತ್ತಲೇ ಬಂದರು. ಟೀಚರ್ ಬರಲಿಲ್ಲ. ತೋಟದಕ್ಕ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಬ್ಯಾಟರಿ ಪ್ಲೇಟು, ಹಳ್ಳ, ಗೊಬ್ಬರ, ಹೋದ ಶನಿವಾರದ ಚೀಲಗಳು, ಯಾವುದನ್ನೂ ಬಿಡಲಿಲ್ಲ. ಗಂಡನ ಮಾತನ್ನು ಮಾತ್ರ ಹೇಳಲಿಲ್ಲ. ಅವನು ಪಕ್ಕದಲ್ಲೇ ನಿಂತಿದ್ದ. ಅವಳು ಮುಗಿಸುತ್ತಿದ್ದಂತೆ, "ಆಚೆ ಹಾಕು ಅಂದೋನು ನಾನು," ಎಂದು ತಾನೇ ಹೇಳಿದ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಬೇಯಿಸಿದರೆ ಹೋಗುತ್ತದಾ ಎಂದು ಒಬ್ಬಳು ಕೇಳಿದಳು. ಹೋಗುವುದಿಲ್ಲ ಎಂದಾಗ ಅವಳ ಕೈ ತಾನಾಗಿಯೇ ತನ್ನ ಹೊಟ್ಟೆಯ ಮೇಲೆ ಹೋಯಿತು. ಅವಳಿಗೆ ಆಗ ಐದು ತಿಂಗಳು. ಅದನ್ನು ಕಂಡಮೇಲೆ ಶೆಡ್ಡಿನಲ್ಲಿ ಬೆಂಕಿ ಹೊತ್ತಿಕೊಂಡ ಹಾಗಾಯಿತು. ಕೂಗಿದರು, ಬೈದರು. ಪ್ರತಿ ವಾರ ತೋಟದಕ್ಕನಿಗಾಗಿ ಹಳೇ ಚೀಲ ಒಗೆದು ಮಡಚಿ ತರುತ್ತಿದ್ದ ದರ್ಜಿ, "ನಿಮ್ಮ ಮೇಲಿನ ನಂಬಿಕೆಗೆ ನಾವು ಮಕ್ಕಳ ಬಾಯಿಗೆ ಇಟ್ವಲ್ರೀ!" ಎಂದು ಅಳುತ್ತ ಕೂಗಿದ. ತೋಟದಕ್ಕ ಎಲ್ಲವನ್ನೂ ನಿಂತೇ ಕೇಳಿಸಿಕೊಂಡಳು.

ಕೊನೆಗೆ ಪೋಸ್ಟಣ್ಣ ಎದ್ದರು. ಅವರು ಎದ್ದದ್ದನ್ನು ನೋಡಿ ತೋಟದಕ್ಕನಿಗೆ ಒಂದು ಸಣ್ಣ ಆಸೆ ಚಿಗುರಿತು. ಆಲಿಕಲ್ಲಿನ ವರ್ಷ ಎಲ್ಲರನ್ನೂ ಸಮಾಧಾನ ಮಾಡಿದವರು ಅವರೇ ಅಲ್ಲವೇ.

"ಮೊದಲನೇ ವರ್ಷಾನೇ ಹೇಳಿದ್ರೆ ನಾವೇನು ಓಡಿಹೋಗ್ತಿದ್ವೇನಮ್ಮಾ?" ಎಂದರು. "ನಲವತ್ತು ಜನ ಸೇರಿ ಆ ಮಣ್ಣು ಎತ್ತಿ ಹಾಕ್ತಿದ್ವಿ. ಇಲ್ಲಾ ಬೇರೆ ಜಾಗ ನೋಡ್ತಿದ್ವಿ. ಅದಕ್ಕೇ ಅಲ್ವಾ ನಾವು ಇದ್ದಿದ್ದು? ಕಷ್ಟ ಹಂಚ್ಕೊಳ್ತೀವಿ ಅಂತ ಸಹಿ ಹಾಕ್ದೋರಿಗೆ ಕಷ್ಟಾನೇ ಹೇಳ್ಲಿಲ್ಲ ನೀನು. ಬರೀ ಪಾಲು ಕೊಟ್ಟೆ."

ಅವರು ಎಂದೂ ಅವಳನ್ನು ಏಕವಚನದಲ್ಲಿ ಕರೆದವರಲ್ಲ. ಮಗಳ ಮೇಲೆ ಸಿಟ್ಟಾದವರ ಹಾಗೆ ಇತ್ತು ಅವರ ದನಿ. ಬೈದವರ ಮಾತಿಗೆಲ್ಲ ಗಟ್ಟಿಯಾಗಿ ನಿಂತಿದ್ದ ತೋಟದಕ್ಕ ಆ ಮಾತಿಗೆ ಕುಸಿದು ಕ್ರೇಟಿನ ಮೇಲೆ ಕೂತಳು. ಇದು ಅವಳಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಹೇಳಿದರೆ ಹೋಗುತ್ತಾರೆ ಎಂದಷ್ಟೇ ಎಂಟು ವರ್ಷ ಹೆದರಿದ್ದಳು. ಹೇಳಿದರೆ ಜೊತೆಗೆ ನಿಲ್ಲಬಹುದು ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ.

ಮಾರನೆಯ ಭಾನುವಾರ ಬೆಳೆ ಕೀಳಲು ಒಂಬತ್ತು ಜನ ಬಂದರು. ಪೋಸ್ಟಣ್ಣ ಗಮ್‌ಬೂಟು ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದಿದ್ದರು. ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ರಬ್ಬರ್ ಗವಸು ಹಾಕಿಕೊಂಡು ಸಾಲು ಸಾಲಾಗಿ ಕಿತ್ತರು. ಹಿಂದೆಲ್ಲ ಭಾನುವಾರ ತೋಟದಲ್ಲಿ ಹರಟೆ, ಹಾಡು, ಯಾರದಾದರೂ ಮೂಗಿಗೆ ಮಣ್ಣು ಹಚ್ಚಿ ಓಡುವುದು ಇರುತ್ತಿತ್ತು. ಅವತ್ತು ಬೇರು ಮಣ್ಣಿನಿಂದ ಬಿಡಿಸಿಕೊಳ್ಳುವ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಕ್ಯಾರೆಟ್ ಆ ವರ್ಷ ಯಾವತ್ತೂ ಇಲ್ಲದಷ್ಟು ಚೆನ್ನಾಗಿ ಬಂದಿತ್ತು. ಒಂದೊಂದೂ ಗೇಣುದ್ದ, ನೆಟ್ಟಗೆ, ನುಣ್ಣಗೆ. ಅವನ್ನು ಕಪ್ಪು ಚೀಲಗಳಿಗೆ ತುಂಬಿ ಬಾಯಿ ಕಟ್ಟಿದರು. ತೋಟದಕ್ಕ ತಿಳಿಸಿದ್ದರಿಂದ ಮಧ್ಯಾಹ್ನ ಆರೋಗ್ಯ ಇಲಾಖೆಯ ಲಾರಿ ಬಂದು ಹೊತ್ತುಕೊಂಡು ಹೋಯಿತು. ಹೋಗುವಾಗ ಪೋಸ್ಟಣ್ಣ ಅವಳ ಗಂಡನ ಭುಜ ಮುಟ್ಟಿದರು. ಅವಳ ಕಡೆ ನೋಡಲಿಲ್ಲ. ಆದರೂ ಬಂದಿದ್ದರು.

ಆಮೇಲಿನದು ಹೆಚ್ಚು ಹೇಳುವಂಥದ್ದೇನಿಲ್ಲ. ನಲವತ್ತು ಮನೆಯ ಮಕ್ಕಳಿಗೆಲ್ಲ ಪರೀಕ್ಷೆ ಆಯಿತು. ಇಪ್ಪತ್ತಮೂರು ಮಕ್ಕಳಲ್ಲಿ ಐದು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತು. ಎಲ್ಲರಿಗಿಂತ ಹೆಚ್ಚು ಪುಟ್ಟಿಗೆ. ತರಕಾರಿಗಿಂತ ಬಾಯಿಗೆ ಹಾಕಿಕೊಂಡ ಮಣ್ಣೇ ಹೆಚ್ಚು ಕಾರಣ ಇರಬೇಕು ಎಂದರಂತೆ ಡಾಕ್ಟರು. ಬಸುರಿ ಹೆಂಗಸಿಗೆ ಸುಸೂತ್ರವಾಗಿಯೇ ಹೆರಿಗೆಯಾಯಿತು. ಮಗು ಚೆನ್ನಾಗಿದೆ ಎಂಬ ಸುದ್ದಿ ಯಾರ ಯಾರದೋ ಬಾಯಿಂದ ಬಂದಾಗ ತೋಟದಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಳು. ತೋಟದ ಸುತ್ತ ತಂತಿ ಕಟ್ಟಿ, ಒಳಗೆ ಹೋಗಬಾರದೆಂದು ಬೋರ್ಡು ಹಾಕಿದರು. ಗಂಡ ಒಂದು ಗ್ಯಾರೇಜಿಗೆ ಸೇರಿದ. ಅವಳಿಗೆ ಅಲಂಕಾರದ ಗಿಡ ಬೆಳೆಸುವ ಒಂದು ನರ್ಸರಿಯಲ್ಲಿ ಕೆಲಸ ಸಿಕ್ಕಿತು. ಆಫೀಸುಗಳ ಮುಂದೆ ಇಡುವ ಗಿಡಗಳು, ಯಾರೂ ತಿನ್ನುವಂಥವಲ್ಲ. ಕೆಲಸ ಕೇಳುವಾಗ ಅವಳು ಮೊದಲು ಕೇಳಿದ್ದೇ ಅದನ್ನು.

ಒಂದೂವರೆ ವರ್ಷ ಆದಮೇಲೆ ಟೀಚರ್ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಪಕ್ಕದಲ್ಲಿ ಪುಟ್ಟಿ. ಎತ್ತರ ಆಗಿತ್ತು. ಬೇರೆ ದಾರಿಯಿದ್ದರೆ ಇಬ್ಬರೂ ತಪ್ಪಿಸಿಕೊಳ್ಳುತ್ತಿದ್ದರೇನೋ. ಬೆಂಚು ಒಂದೇ ಇತ್ತು.

"ಹೇಗಿದಾಳೆ?" ತೋಟದಕ್ಕ ಕೇಳಿದಳು.

"ರಕ್ತದಲ್ಲಿ ಕಡಿಮೆ ಆಗ್ತಾ ಬಂದಿದೆ. ಮಾತು ತಡ. ಶಾಲೇಲಿ ಒಂದು ಕಡೆ ಕೂರಲ್ಲ. ಅದರಿಂದಾನೇನಾ, ಅಥವಾ ಇವಳ ಸ್ವಭಾವಾನೇ ಹೀಗಾ ಅಂತ ಡಾಕ್ಟ್ರಿಗೂ ಗೊತ್ತಿಲ್ಲ. ಯಾವತ್ತೂ ಗೊತ್ತಾಗಲ್ವಂತೆ."

ಪುಟ್ಟಿ ತೋಟದಕ್ಕನ ಮುಖವನ್ನು ನೋಡಿತು. ಗುರುತು ಹತ್ತಲಿಲ್ಲ. ಬೆಂಚಿನ ಕಾಲನ್ನು ಒದೆಯುತ್ತ ಕೂತಿತು.

"ಒಂದೊಂದ್ಸಲ ಅನ್ಸುತ್ತೆ," ಟೀಚರ್ ರಸ್ತೆ ಕಡೆ ನೋಡುತ್ತ ಹೇಳಿದಳು, "ನೀವು ಬಂದು ಹೇಳ್ದೇ ಇದ್ದಿದ್ರೆ ಅಂತ. ಕಿಟಕಿ ಬಣ್ಣದಿಂದಾನೇ ಅಂದ್ಕೊಂಡು ಇದ್ಬಿಡ್ತಿದ್ದೆ. ಆಮೇಲೆ ಅನ್ಸುತ್ತೆ, ಆಗ ಇವಳು ಇನ್ನೂ ತಿಂತಾನೇ ಇರ್ತಿದ್ಲು ಅಂತ. ಎರಡೂ ಅನ್ಸುತ್ತೆ. ಒಂದೇ ದಿನದಲ್ಲಿ ಎರಡೂ."

ಹೊರಡುವ ಮೊದಲು ಏನಾದರೂ ಕೇಳಬೇಕು ಅನ್ನಿಸಿ, ತೋಟದಕ್ಕ ಕೇಳಬಾರದ್ದನ್ನೇ ಕೇಳಿದಳು. "ಈಗ ತರಕಾರಿ ಎಲ್ಲಿಂದ ತರ್ತೀರಿ?"

"ಅಂಗಡಿಯಿಂದ. ಯಾರು ಬೆಳೆದಿದ್ದೋ, ಎಲ್ಲಿ ಬೆಳೆದಿದ್ದೋ." ಟೀಚರ್ ಎದ್ದು ಮಗುವಿನ ಕೈ ಹಿಡಿದಳು. ಅವರ ಬಸ್ಸು ಬರುತ್ತಿತ್ತು. "ನಂಗೆ ಗೊತ್ತಿಲ್ಲ. ತಿಳ್ಕೊಳ್ಳೋದೂ ಬೇಡ ಅನ್ಸುತ್ತೆ ಅಕ್ಕ."

ಬಸ್ಸು ಹೋದಮೇಲೂ ತೋಟದಕ್ಕ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದಳು. ಅವಳ ಬಸ್ಸು ಒಂದು ಬಂದು ಹೋಯಿತು. ಇನ್ನೊಂದು ಬಂದಾಗ ಹತ್ತಿ ನರ್ಸರಿಗೆ ಹೋದಳು. ಅವತ್ತು ಮುನ್ನೂರು ಸಸಿಗಳನ್ನು ಕುಂಡಕ್ಕೆ ಹಾಕುವುದಿತ್ತು. ತಡವಾಯಿತೆಂದು ಮೇಸ್ತ್ರಿ ಗೊಣಗಿದ. ಅವಳು ಗವಸು ಹಾಕಿಕೊಂಡು ಕೆಲಸಕ್ಕೆ ಕೂತಳು.